ಮನೆಯ ನಾಯಿ-ಬೆಕ್ಕು ತೀರಿಕೊಂಡಾಗ: ಮೊದಲ ಗಂಟೆಯಿಂದ ಮೊದಲ ಬೇಸಿಗೆಯ ತನಕ

‘ಹೂತು ಬಂದ ನಾಲ್ಕನೇ ದಿನಕ್ಕೆ ಬೀದಿನಾಯಿಗಳು ಗುಂಡಿ ಕೆದರಿದ್ದವು.’ ‘ಎರಡಡಿ ತೋಡಿದ್ದೇ ಬಂಡೆ ಬಂತು, ಅಷ್ಟರಲ್ಲೇ ಮುಚ್ಚಿಬಿಟ್ವಿ.’ ‘ಬೆಂಗಳೂರಿಗೆ ಒಯ್ದು ಸುಡಿಸೋಣ ಅಂತ ರಾತ್ರಿಯೆಲ್ಲ ಕಾದ್ವಿ, ಬೆಳಗಾಗುವಷ್ಟರಲ್ಲಿ ಹೊಟ್ಟೆ ಉಬ್ಬಿತ್ತು.’ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಸಾಕುಪ್ರಾಣಿ ಕಳೆದುಕೊಂಡವರಿಂದ ಮತ್ತೆ ಮತ್ತೆ ಕೇಳಿಬರುವ ಮಾತುಗಳಿವು. ಮೂರರ ಹಿಂದೆಯೂ ಇರುವುದು ಒಂದೇ ತಪ್ಪು. ಹೂಳಬೇಕೋ ಸುಡಬೇಕೋ ಎಂದು ಮೊದಲು ನಿರ್ಧರಿಸಿ, ಜಾಗ, ಮಣ್ಣು, ಹೊತ್ತು ಆಮೇಲೆ ನೋಡುತ್ತಾರೆ.

ಕ್ರಮ ತಿರುಗಬೇಕು. ಮೊದಲನೆಯ ಪ್ರಶ್ನೆ: ಪ್ರಾಣಿ ಹೇಗೆ ಸತ್ತಿತು? ಎರಡನೆಯದು: ಕೈಗೆ ಸಿಗುವ ಮಣ್ಣು ಎಂಥದ್ದು? ನಮ್ಮ ಇಷ್ಟ ಏನು ಎನ್ನುವುದು ಮೂರನೆಯದು. ಏಪ್ರಿಲ್-ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಈ ಮೂರಕ್ಕೂ ಉತ್ತರ ಸಿಗಬೇಕಾದದ್ದು ಮೊದಲ ಒಂದು ಗಂಟೆಯಲ್ಲಿ.

ಹಂತ 1: ಜೀವ ಹೋಗಿದೆಯೇ, ಖಚಿತ ಮಾಡಿಕೊಳ್ಳಿ

ಎಡ ಮುಂಗಾಲನ್ನು ಮಡಿಸಿದರೆ ಮೊಣಕೈ ಎದೆಗೆ ತಾಗುವ ಜಾಗವಿದೆಯಲ್ಲ, ಅಲ್ಲಿ ಅಂಗೈ ಒತ್ತಿ ಹಿಡಿಯಿರಿ. ಹೃದಯದ ಬಡಿತ ತಿಳಿಯುವುದು ಅಲ್ಲಿಯೇ. ಹಿಂದೊಡೆಯ ಒಳಭಾಗದಲ್ಲಿ ನಾಡಿ ನೋಡಿ. ಆಮೇಲೆ ಒದ್ದೆ ಹತ್ತಿಯ ಎಳೆಯಿಂದ ಕಣ್ಣುಗುಡ್ಡೆಯನ್ನು ಮೆಲ್ಲಗೆ ಮುಟ್ಟಿ. ಐದು ನಿಮಿಷ ಬಡಿತವಿಲ್ಲ, ಉಸಿರಿಲ್ಲ, ರೆಪ್ಪೆಯೂ ಮಿಸುಕಲಿಲ್ಲ ಎಂದರೆ ಜೀವ ಹೋಗಿದೆ.

ಕಣ್ಣು ತೆರೆದೇ ಇರುತ್ತದೆ, ಅದು ಸಹಜ. ಮೂತ್ರ, ಮಲ ಹೊರಬರಬಹುದು. ಸತ್ತ ಕೆಲವು ನಿಮಿಷ ಕಾಲಿನ ಸ್ನಾಯು ಅದುರುವುದೂ, ಒಮ್ಮೆ ಬಾಯಿ ತೆರೆದಂತಾಗುವುದೂ ಉಂಟು. ಅದನ್ನು ನೋಡಿ ಬಾಯಿಗೆ ನೀರು ಬಿಡಬೇಡಿ.

ಒಂದು ಸಂದರ್ಭದಲ್ಲಿ ಮಾತ್ರ ಆತುರ ಸಲ್ಲದು. ನಾಗರಹಾವು ಅಥವಾ ಕಟ್ಟುಹಾವು ಕಚ್ಚಿದ ನಾಯಿಯ ಸ್ನಾಯುಗಳು ಸೋತುಹೋಗಿ, ಅದು ಅಲುಗಾಡದೆ, ರೆಪ್ಪೆ ಬಡಿಯದೆ ಬಿದ್ದಿರುತ್ತದೆ. ಹೃದಯ ಇನ್ನೂ ಹೊಡೆಯುತ್ತಿರಬಹುದು. ಹೊಲದಲ್ಲಿ, ಬಣವಿಯ ಹತ್ತಿರ ಹೀಗೆ ಬಿದ್ದಿದ್ದರೆ ನೇರ ಪಶುವೈದ್ಯರ ಬಳಿ ಒಯ್ಯಿರಿ.

ಹಂತ 2: ಕಾರಣದ ಬಗ್ಗೆ ಅನುಮಾನವಿದ್ದರೆ ಅಲ್ಲೇ ನಿಲ್ಲಿ

ವಯಸ್ಸಾಗಿ, ಮೂತ್ರಪಿಂಡ ಸೋತು, ಅಪಘಾತವಾಗಿ ಸತ್ತಿದ್ದರೆ ಈ ಹಂತ ದಾಟಿ ಮುಂದೆ ಹೋಗಿ. ಕೆಳಗಿನ ನಾಲ್ಕರಲ್ಲಿ ಒಂದಿದ್ದರೂ ಮುಂದಿನ ಕೆಲಸವೇ ಬದಲಾಗುತ್ತದೆ.

ಹುಚ್ಚುನಾಯಿ ರೋಗ. ಕೊನೆಯ ದಿನಗಳಲ್ಲಿ ಸ್ವಭಾವ ಬದಲಾಗಿತ್ತು, ಜೊಲ್ಲು ಸುರಿಯುತ್ತಿತ್ತು, ಕೆಳದವಡೆ ಜೋತಿತ್ತು, ನೀರು ನುಂಗಲಾಗುತ್ತಿರಲಿಲ್ಲ, ಹಿಂಗಾಲು ಸೋತಿತ್ತು ಎಂದರೆ ಬರಿಗೈಯಲ್ಲಿ ಮುಟ್ಟಬೇಡಿ. ಪಶುವೈದ್ಯರಿಗೆ ತಿಳಿಸಿ, ಮಿದುಳಿನ ಮಾದರಿ ತೆಗೆಯಬೇಕೋ ಬೇಡವೋ ಅವರು ಹೇಳುತ್ತಾರೆ. ಸಾಯುವ ಮುಂಚಿನ ದಿನಗಳಲ್ಲಿ ಅದರಿಂದ ಕಚ್ಚಿಸಿಕೊಂಡವರು, ಪರಚಿಸಿಕೊಂಡವರು, ಗಾಯದ ಮೇಲೆ ಜೊಲ್ಲು ಬಿದ್ದವರು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7, 28ನೇ ದಿನ. ನಾಯಿ ಸತ್ತಿತಲ್ಲ, ಇನ್ನೇನು ಎಂದು ಸುಮ್ಮನಾಗುವವರೇ ಹೆಚ್ಚು. ಲಕ್ಷಣ ಕಂಡ ಹತ್ತು ದಿನದೊಳಗೆ ನಾಯಿ ಸಾಯುವುದೇ ಈ ರೋಗದ ದೊಡ್ಡ ಸುಳಿವು.

ವಿಷ. ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ಊರುಗಳಲ್ಲಿ ಕೀಟನಾಶಕ ಕೈಗೆಟುಕುವ ವಸ್ತು. ಬಾಯಲ್ಲಿ ನೊರೆ, ಚುಕ್ಕೆಯಂತೆ ಕಿರಿದಾದ ಪಾಪೆ, ನಡುಕ, ಕೆಲವೇ ಗಂಟೆಯಲ್ಲಿ ಸಾವು ಕಂಡಿದ್ದರೆ ಹೂಳುವ ಮೊದಲು ಮರಣೋತ್ತರ ಪರೀಕ್ಷೆ ಮಾಡಿಸಿ. ಬೇಕೆಂದೇ ವಿಷ ಹಾಕಿದ ಅನುಮಾನವಿದ್ದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಅಡಿ ದೂರು ಕೊಡಬಹುದು. ಆದರೆ ಹೂತ ಮೇಲೆ ಕೈಯಲ್ಲಿ ಸಾಕ್ಷ್ಯ ಉಳಿಯುವುದಿಲ್ಲ. ಪರೀಕ್ಷೆಗೆ ಕೊಡುವ ದೇಹವನ್ನು ತೊಳೆಯಬೇಡಿ, ಡೀಪ್ ಫ್ರೀಜರಿನಲ್ಲಿಡಬೇಡಿ. ಹೆಪ್ಪುಗಟ್ಟಿದ ಅಂಗಾಂಶ ಪರೀಕ್ಷೆಗೆ ಕೆಟ್ಟುಹೋಗುತ್ತದೆ, ಐಸ್ ಮೇಲಿಟ್ಟರೆ ಸಾಕು. ಜಿಂಕ್ ಫಾಸ್ಫೈಡ್ ಇರುವ ಇಲಿ ಪಾಷಾಣ ತಿಂದ ನಾಯಿಯ ವಾಂತಿಯಿಂದ ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂಥ ವಾಸನೆಯ ವಿಷಾನಿಲ ಏಳುತ್ತದೆ. ಕಿಟಕಿ-ಬಾಗಿಲು ತೆರೆದು, ಮುಖ ದೂರವಿಟ್ಟು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸ್ವಲ್ಪ ತೆಗೆದಿಡಿ.

ನೆರಡಿ ರೋಗ (ಆಂಥ್ರಾಕ್ಸ್). ಇದು ಕುರಿ, ಆಡು, ದನ ಸಾಕಿದವರಿಗೆ. ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ, ಬೇಗನೆ ಉಬ್ಬಿದ ಹೊಟ್ಟೆ, ಸೆಟೆಯದ ದೇಹ ಕಂಡರೆ ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ಎಳೆದಾಡಬೇಡಿ. ಗಾಳಿ ತಾಗಿದೊಡನೆ ರೋಗಾಣು ಬೀಜಕವಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಪಶುಸಂಗೋಪನಾ ಇಲಾಖೆಯವರನ್ನು ಕರೆಸಿ. ಇಂಥ ದೇಹ ಸುಣ್ಣ ಹಾಕಿ 6 ಅಡಿಗೂ ಹೆಚ್ಚು ಆಳಕ್ಕೆ ಹೋಗಬೇಕು, ಅದೂ ಅವರ ಎದುರಿಗೇ.

ಒಮ್ಮೆಗೇ ಹಲವು ಹಕ್ಕಿಗಳ ಸಾವು. 2025ರ ಆರಂಭದಲ್ಲಿ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಒಂದು ಲವ್ ಬರ್ಡ್ ಸತ್ತರೆ ಗಾಬರಿ ಬೇಡ. ಒಂದೆರಡು ದಿನದಲ್ಲಿ ಮೂರ್ನಾಲ್ಕು ಕೋಳಿ, ಪಾರಿವಾಳ ಬಿದ್ದರೆ ಹೂಳುವ ಮುನ್ನ ಪಶು ಆಸ್ಪತ್ರೆಗೆ ಹೇಳಿ.

ವಿಮೆ ಮಾಡಿಸಿದ್ದರೂ ಇಲ್ಲೇ ನಿಲ್ಲಬೇಕು. ವೈದ್ಯರ ಪತ್ರ, ಫೋಟೊ, ಮೈಕ್ರೊಚಿಪ್ ಸಂಖ್ಯೆ, ಇವೆಲ್ಲ ಆದ ಮೇಲೆಯೇ ಮಣ್ಣು.

ಹಂತ 3: ಮಡಚಿ, ತಂಪು ಮಾಡಿ

ಬೇಕಾದವು: ರಬ್ಬರ್ ಕೈಗವಸು, ಹಳೆಯ ಟವೆಲ್ ಎರಡು, ಪತ್ರಿಕೆಗಳು, ತಾಡಪತ್ರಿಯ ತುಂಡು, 10 ಕೆ.ಜಿ. ಐಸ್.

ಮೊದಲು ಕಾಲು ಮಡಚುವ ಕೆಲಸ. ಸತ್ತ ಕೆಲವೇ ಗಂಟೆಗಳಲ್ಲಿ ದೇಹ ಸೆಟೆಯುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಮಲಗಿದ ಭಂಗಿಯಲ್ಲಿ ನಾಲ್ಕೂ ಕಾಲು ಹೊಟ್ಟೆಗೆ, ಬಾಲ ಒಳಗೆ, ತಲೆ ಎದೆಗೆ ತಂದಿಡಿ. ಹೀಗೆ ಮಾಡಿದರೆ ಗುಂಡಿಯ ಉದ್ದದಲ್ಲಿ ಒಂದಡಿಗೂ ಹೆಚ್ಚು ಉಳಿತಾಯವಾಗುತ್ತದೆ. ಆಗಲೇ ಸೆಟೆದಿದ್ದರೆ ಬಲವಂತವಾಗಿ ಬಗ್ಗಿಸಬೇಡಿ, ಗುಂಡಿಯನ್ನೇ ದೊಡ್ಡದು ಮಾಡಿ.

ಬಾಲದ ಕೆಳಗೆ ಮಡಿಸಿದ ಟವೆಲ್, ಅದರ ಕೆಳಗೆ ದಪ್ಪಗೆ ಪತ್ರಿಕೆ ಹಾಸಿ. ಕೊಳೆಯುವಿಕೆ ಶುರುವಾಗುವುದು ಹೊಟ್ಟೆಯಿಂದ. ಆದ್ದರಿಂದ ಐಸ್ ಮೊದಲು ಹೊಟ್ಟೆಯ ಕೆಳಗೆ, ಆಮೇಲೆ ಎರಡೂ ಮಗ್ಗುಲಿಗೆ. ತಲೆಯ ಹತ್ತಿರ ಐಸ್ ಇಟ್ಟು ಹೊಟ್ಟೆ ಬಿಟ್ಟರೆ ಇಟ್ಟೂ ಇಡದಂತೆ. ಐಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಿ, ಕರಗಿದ ನೀರು ಮೈಗೆ ತಾಗಬಾರದು. ರಾತ್ರಿ ಹೊತ್ತು ಐಸ್ ಬೇಕಾದರೆ ಮೀನು ಮಾರುಕಟ್ಟೆಯವರನ್ನೋ ಕಬ್ಬಿನಹಾಲಿನ ಅಂಗಡಿಯವರನ್ನೋ ಕೇಳಿ, ಗಡ್ಡೆ ಎಲ್ಲಿ ಸಿಗುತ್ತದೆಂದು ಅವರಿಗೆ ಗೊತ್ತು.

ದೇಹ ತಣ್ಣಗಾಗುತ್ತಿದ್ದಂತೆ ಉಣ್ಣೆಗಳು ಇಳಿದು ಹೊಸ ಮೈ ಹುಡುಕುತ್ತವೆ. ಹಾಸಿಗೆಯ ಮೇಲೆ ಮಲಗಿಸಬೇಡಿ, ನೆಲದ ಮೇಲೆ ತಾಡಪತ್ರಿ ಹಾಕಿ. ಕಂಡ ಉಣ್ಣೆಯನ್ನು ಬೆರಳಲ್ಲಿ ಹಿಸುಕದೆ ಸೋಪಿನ ನೀರಿಗೆ ಹಾಕಿ.

ಎಷ್ಟು ಹೊತ್ತು ಇಡಬಹುದು? ಬೇಸಿಗೆಯಲ್ಲಿ ಐಸ್ ಇಲ್ಲದೆ 4ರಿಂದ 6 ಗಂಟೆ, ಅಷ್ಟೆ. ಎ.ಸಿ. ಕೋಣೆ, ಐಸ್ ಎರಡೂ ಇದ್ದರೆ ಒಂದು ದಿನ. ಚಳಿಗಾಲದ ರಾತ್ರಿಯಾದರೆ ಬೆಳಗಿನ ತನಕ ತೊಂದರೆಯಿಲ್ಲ. ಹೊಟ್ಟೆ ಉಬ್ಬಿ ಬಿಗಿಯಾಗುವುದು, ಹೊಟ್ಟೆಯ ಚರ್ಮ ಹಸಿರಾಗುವುದು, ನೊಣ ಮುತ್ತುವುದು ಕಂಡರೆ ಹೊತ್ತು ಮೀರಿದೆ ಎಂದರ್ಥ. ಊರಿಂದ ಮಗ ಬರಲಿ, ಮಗಳು ಬರಲಿ ಎಂದು ಮತ್ತೆ ಕಾಯಬಾರದು, ವಿಡಿಯೊ ಕರೆಯಲ್ಲಿ ತೋರಿಸಿ.

ಮನೆಯಲ್ಲಿ ಇನ್ನೊಂದು ನಾಯಿಯೋ ಬೆಕ್ಕೋ ಇದ್ದರೆ ಒಮ್ಮೆ ಮೂಸಿ ನೋಡಲು ಬಿಡಿ. ಬಿಟ್ಟರೆ ಹುಡುಕಾಟ ಕಡಿಮೆ. ಪಾರ್ವೊದಂಥ ಅಂಟುರೋಗದ ಸಾವಾದರೆ ಬಿಡಬೇಡಿ.

ಹಂತ 4: ದಾರಿ ಆರಿಸಿ

ಇರುವ ದಾರಿಗಳು ಮೂರು: ಸ್ವಂತ ಅಥವಾ ಪರಿಚಯದವರ ಜಾಗದಲ್ಲಿ ಹೂಳುವುದು, ನಗರಸಭೆ-ಪಾಲಿಕೆಗೆ ಒಪ್ಪಿಸುವುದು, ದೂರದ ಪ್ರಾಣಿ ಚಿತಾಗಾರಕ್ಕೆ ಒಯ್ಯುವುದು.

ಸ್ವಂತ ಹಿತ್ತಲಿದ್ದರೂ ಅದು 30×40ರ ನಿವೇಶನವಾದರೆ ದೊಡ್ಡ ನಾಯಿ ಹೂಳುವ ಯೋಚನೆ ಬಿಡಿ. ಬೋರ್‌ವೆಲ್, ಸಂಪು, ಶೌಚದ ಗುಂಡಿ, ಒಳಚರಂಡಿ ಪೈಪು, ಪಾಯ ಎಲ್ಲ ಕಳೆದರೆ ಉಳಿಯುವ ಜಾಗ ಸಾಲುವುದಿಲ್ಲ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳದೆ ಸಲಿಕೆ ಹಿಡಿಯಬೇಡಿ. ಮುಂದೆ ಅವರು ಪಾಯ ತೆಗೆಸಿದಾಗ ಮೂಳೆ ಬಂದರೆ ಪೊಲೀಸರ ತನಕ ಹೋಗುತ್ತದೆ. ಸ್ನೇಹಿತರ ಹೊಲವೇ ಎಲ್ಲಕ್ಕಿಂತ ಒಳ್ಳೆಯದು. ಬಾಯಿಮಾತಿನ ಒಪ್ಪಿಗೆ ಸಾಕು, ಆದರೆ ಉಳುವವರಿಗೂ ತಿಳಿದಿರಲಿ.

ನಗರಸಭೆಗೆ ಒಪ್ಪಿಸುವುದಾದರೆ ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಕರೆ ಮಾಡಿ, ಹಳ್ಳಿಯಲ್ಲಿ ಪಿಡಿಒಗೆ. ಕೇಳಬೇಕಾದ ಪ್ರಶ್ನೆ ಎರಡು: ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ, ದೇಹವನ್ನು ಗುಂಡಿ ತೋಡಿ ಹೂಳುತ್ತೀರಾ ಅಥವಾ ಕಸದ ಯಾರ್ಡಿಗೆ ಒಯ್ಯುತ್ತೀರಾ. ಎರಡನೆಯ ಉತ್ತರ ಮನಸ್ಸಿಗೆ ಒಗ್ಗದಿದ್ದರೆ ಆಗಲೇ ಬೇರೆ ದಾರಿ ನೋಡಬಹುದು. ಸಾವಿನ ಕಾರಣವನ್ನು ಪೌರಕಾರ್ಮಿಕರಿಗೆ ಮುಚ್ಚಿಡಬೇಡಿ. ಕಸದ ಚೀಲದಲ್ಲಿ ಅಡಗಿಸಿ ಬೆಳಗಿನ ಗಾಡಿಗೆ ಹಾಕುವುದಂತೂ ಬೇಡವೇ ಬೇಡ, ಆ ಚೀಲವನ್ನು ಕೈಯಿಂದ ಬಿಚ್ಚಿ ವಿಂಗಡಿಸುವವರು ಮನುಷ್ಯರು.

ಕಾಲುವೆಗೆ, ಹಳ್ಳಕ್ಕೆ, ಹೊಳೆಗೆ ಬಿಡುವುದು ದಾರಿಯೇ ಅಲ್ಲ. ತುಂಗಭದ್ರೆಯ ಕಾಲುವೆ ನೀರು ಕೆರೆಗಳಿಗೆ ತುಂಬಿ ಈ ಜಿಲ್ಲೆಗಳ ಎಷ್ಟೋ ಊರುಗಳ ನಲ್ಲಿಗೆ ಬರುತ್ತದೆ. ಗುಡ್ಡದಲ್ಲಿ ಬಿಟ್ಟುಬರುವುದೂ ಬೇಡ, ಅದರಲ್ಲೂ ಚುಚ್ಚುಮದ್ದು ಕೊಟ್ಟು ದಯಾಮರಣ ಮಾಡಿಸಿದ್ದರೆ. ಅದಕ್ಕೆ ಪೆಂಟೊಬಾರ್ಬಿಟಾಲ್ ಎಂಬ ಔಷಧ ಬಳಸಿದ್ದರೆ ಆ ಮಾಂಸ ತಿಂದ ನಾಯಿ, ನರಿ, ಹದ್ದು ಎಲ್ಲವೂ ಸಾಯಬಹುದು. ಕೊಪ್ಪಳದ ಬಯಲಿನಲ್ಲಿ ತೋಳ, ಕತ್ತೆಕಿರುಬ ಇವೆ. ದರೋಜಿಯ ಸುತ್ತ ಕರಡಿ, ಚಿರತೆ ಇವೆ. ಯಾವ ಔಷಧ ಕೊಟ್ಟಿರಿ ಎಂದು ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಹಂತ 5: ಮಣ್ಣು ನೋಡಿ

ಹೂಳುವುದು ಕೆಡುವುದು ಬಹುಪಾಲು ಇಲ್ಲಿ. ಈ ಭಾಗದ ನಾಲ್ಕು ಬಗೆಯ ನೆಲ ನಾಲ್ಕು ರೀತಿ ವರ್ತಿಸುತ್ತದೆ.

ಮಸಾರಿ, ಅಂದರೆ ಕೆಂಪು ನೆಲ. ನೀರು ಬಸಿಯುತ್ತದೆ, ಗಾಳಿಯಾಡುತ್ತದೆ, ತೋಡಲು ಹಗುರ. ಆಯ್ಕೆಯಿದ್ದರೆ ಇದೇ ಇರಲಿ.

ಎರೆ ಭೂಮಿ, ಅಂದರೆ ಕಪ್ಪು ನೆಲ. ರಾಯಚೂರು, ಸಿಂಧನೂರು, ಯಲಬುರ್ಗಾ, ಸಿರುಗುಪ್ಪದ ಕಡೆಯವರು ಎಚ್ಚರವಾಗಿರಬೇಕಾದದ್ದು ಇದಕ್ಕೆ. ಎರೆ ಒಣಗಿದರೆ ಕುಗ್ಗಿ ಬಿರಿಯುತ್ತದೆ, ನೆನೆದರೆ ಉಬ್ಬಿ ಅಂಟಾಗುತ್ತದೆ. ಬೇಸಿಗೆಯ ಬಿರುಕು ಎರಡು-ಮೂರು ಅಡಿ ಇಳಿಯುವುದು ಸಾಮಾನ್ಯ. ಎರಡೂವರೆ ಅಡಿಯಲ್ಲಿ ಹೂತಿದ್ದರೆ ಆ ಬಿರುಕಿನಿಂದಲೇ ವಾಸನೆ ಮೇಲೆ ಬರುತ್ತದೆ, ನೊಣ ಕೆಳಗಿಳಿಯುತ್ತದೆ, ನಾಯಿಗಳಿಗೆ ಸುಳಿವು ಸಿಗುತ್ತದೆ. ಆದ್ದರಿಂದ ಎರೆಯಲ್ಲಿ ಒಂದಡಿ ಹೆಚ್ಚು ಆಳ ಬೇಕು, ಮಣ್ಣನ್ನು ಹೆಂಟೆ ಹೆಂಟೆಯಾಗಿ ತುಂಬದೆ ಒಡೆದು, ನೀರು ಚಿಮುಕಿಸಿ, ತುಳಿದು ತುಂಬಬೇಕು.

ಕಾಲುವೆ ಕೆಳಗಿನ ಗದ್ದೆ. ಗಂಗಾವತಿ, ಕಾರಟಗಿ, ಮಾನ್ವಿಯ ಕಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಒಂದೆರಡು ಅಡಿಗೇ ನೀರು ಜಿನುಗುತ್ತದೆ. ನೀರಿನಲ್ಲಿ ಮುಳುಗಿದ ದೇಹ ಮಣ್ಣಾಗುವುದಿಲ್ಲ, ಮೇಣದಂತಾಗಿ ಉಳಿಯುತ್ತದೆ, ಕೊಳೆ ನೀರು ಅಕ್ಕಪಕ್ಕದ ಬೋರಿಗೆ ಸೇರುತ್ತದೆ. ಪರೀಕ್ಷೆ ಸುಲಭ: ಗುಂಡಿ ತೋಡಿ ಅರ್ಧ ಗಂಟೆ ಬಿಡಿ. ತಳದಲ್ಲಿ ನೀರು ನಿಂತರೆ ಆ ಗುಂಡಿ ಮುಚ್ಚಿ ಎತ್ತರದ ಜಾಗಕ್ಕೆ ಹೋಗಿ. ಮಳೆನೀರು ನಿಂತ ಹೊಲ ಹಾಗಲ್ಲ, ಮೇಲಿನ ನೀರು ಮೊಗೆದು ತೆಗೆದರೆ ತಳ ಒಣಗಿರುತ್ತದೆ.

ಗರಸು, ಬಂಡೆ. ಬಳ್ಳಾರಿಯ ಗುಡ್ಡಗಳ ಬುಡ, ಆನೆಗೊಂದಿಯ ಸುತ್ತಮುತ್ತ ಎರಡಡಿಗೆ ಹಾರೆ ಠಣ್ ಎನ್ನುತ್ತದೆ. ಪಿಕಾಸಿಗೆ ಜಗ್ಗುವುದು ಗರಸು, ಜಗ್ಗದ್ದು ಬಂಡೆ. ಬಂಡೆಯ ಮೇಲೆ ಎರಡಡಿಯಲ್ಲಿ ಮಲಗಿಸಿ ಮೇಲೆ ದಿಬ್ಬ ಮಾಡುವ ರಾಜಿ ಮಳೆಗಾಲದ ತನಕ ಮಾತ್ರ ನಿಲ್ಲುತ್ತದೆ. ಹತ್ತು ಹೆಜ್ಜೆ ಆಚೆ ಹಾರೆ ಹಾಕಿ ನೋಡಿ. ಮೂರು ಕಡೆಯೂ ಬಂಡೆ ಸಿಕ್ಕರೆ ಜಾಗ ಬದಲಿಸಿ.

ದೂರದ ಲೆಕ್ಕ ಇಷ್ಟು: ಬಾವಿ, ಬೋರ್, ಹಳ್ಳ, ಕಾಲುವೆಯಿಂದ ಕನಿಷ್ಠ 100 ಅಡಿ, ಮನೆಯ ಪಾಯದಿಂದ 10 ಅಡಿ, ಬೇವು, ಬನ್ನಿಯಂಥ ಮರದ ಬುಡದಿಂದ 5-6 ಅಡಿ, ಇಲ್ಲವಾದರೆ ಬೇರು ಕಡಿಯುವುದರಲ್ಲೇ ಹೊತ್ತು ಹೋಗುತ್ತದೆ. ಮಳೆನೀರು ಹರಿಯುವ ದಾರಿ ಬೇಡ. ರಂಟೆ (ನೇಗಿಲು) ಹೊಡೆಯುವ ಸಾಲಿನಲ್ಲಿ ಬೇಡ. ಬದುವಿನ ಮೇಲೂ ಬೇಡ, ಇಲಿಬಿಲದ ದಾರಿಯಲ್ಲಿ ವಾಸನೆ ಹೊರಬರುತ್ತದೆ. ಹೊಲದ ಮೂಲೆ, ಎತ್ತರದ ಕಡೆ, ಟ್ರ್ಯಾಕ್ಟರ್ ತಿರುಗದ ಜಾಗ ಹುಡುಕಿ.

ಹಂತ 6: ಗುಂಡಿ ತೋಡುವುದು

ಸಲಿಕೆ, ಗುದ್ದಲಿ, ಪಿಕಾಸಿ, ಹಾರೆ, ಮಣ್ಣು ಎತ್ತಲು ಪುಟ್ಟಿ, ಅಳತೆಗೆ ಟೇಪು. ಗುದ್ದಲಿಯೊಂದನ್ನೇ ನಂಬಿ ಹೋದವರು ಮೂರಡಿಯಲ್ಲಿ ಸೋಲುತ್ತಾರೆ, ಕಿರಿದಾದ ಗುಂಡಿಯೊಳಗೆ ಬೀಸಲು ಜಾಗವಿರುವುದಿಲ್ಲ. ಕೆಳಗಿನ ಅರ್ಧಕ್ಕೆ ಹಾರೆ, ಸಲಿಕೆಯೇ ಬೇಕು.

ನೆನಪಿಡಬೇಕಾದ ಅಳತೆ ಒಂದೇ: ದೇಹದ ಮೇಲೆ ಮೂರಡಿ ಮಣ್ಣು, ಎರೆಯಲ್ಲಿ ನಾಲ್ಕು. ಗುಂಡಿಯ ಒಟ್ಟು ಆಳ ಮೂರಡಿ ಅಲ್ಲ. ದೇಹವೇ ಒಂದಡಿ ತಿನ್ನುತ್ತದೆ, ತಳ ಸಮ ಮಾಡಲು ಅರ್ಧ ಅಡಿ ಹೋಗುತ್ತದೆ. ಹಾಗಾಗಿ 20-25 ಕೆ.ಜಿ. ತೂಗುವ ಲ್ಯಾಬ್ರಡಾರ್ ಅಥವಾ ಮುಧೋಳ ನಾಯಿಗೆ 4 ಅಡಿ ಉದ್ದ, ಎರಡೂವರೆ ಅಡಿ ಅಗಲ, ನಾಲ್ಕೂವರೆ ಅಡಿ ಆಳ. ಬೆಕ್ಕು, ಪೊಮೇರಿಯನ್‌ಗೆ 2 ಅಡಿ ಉದ್ದ, ಒಂದೂವರೆ ಅಡಿ ಅಗಲ, ಮೂರೂವರೆ ಅಡಿ ಆಳ. ಎರೆಯಾದರೆ ಎರಡಕ್ಕೂ ಒಂದಡಿ ಸೇರಿಸಿ.

ದೊಡ್ಡ ಗುಂಡಿ ಎಂದರೆ 45 ಘನ ಅಡಿ, ಸುಮಾರು ಎರಡು ಟನ್ ಮಣ್ಣು. ದುಃಖದಲ್ಲಿರುವ ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಇಬ್ಬರಿಗೆ ಮಸಾರಿಯಲ್ಲಿ ಎರಡು-ಮೂರು ಗಂಟೆ, ಗರಸಿನಲ್ಲಿ ಅದರ ಇಮ್ಮಡಿ. ಮೇ ತಿಂಗಳ ಮಧ್ಯಾಹ್ನ ತೋಡಲು ಇಳಿಯಬೇಡಿ, ಐಸ್ ಬದಲಿಸಿ ಸಂಜೆಗೆ ಶುರುಮಾಡಿ. ಹತ್ತಿರದಲ್ಲಿ ಜೆಸಿಬಿ ಇದ್ದರೆ ಕಾಲು ಗಂಟೆಯ ಕೆಲಸ, ಬಾಡಿಗೆ ಮೊದಲೇ ಮಾತಾಡಿಕೊಳ್ಳಿ.

ಮೇಲಿನ ಒಂದಡಿ ಮಣ್ಣನ್ನು ಒಂದು ಬದಿಗೆ, ಕೆಳಗಿನದನ್ನು ಇನ್ನೊಂದು ಬದಿಗೆ ಹಾಕಿ. ಗುಂಡಿಯ ಅಂಚಿನಿಂದ ಎರಡಡಿ ದೂರವಿರಲಿ, ಇಲ್ಲದಿದ್ದರೆ ಅಂಚು ಕುಸಿದು ತೋಡಿದ್ದನ್ನೇ ಮತ್ತೆ ತೋಡಬೇಕಾಗುತ್ತದೆ.

ಪ್ರಾಣಿ ವಯಸ್ಸಾಗಿ ಹಾಸಿಗೆ ಹಿಡಿದಿದೆ, ವೈದ್ಯರೂ ಕೈಚೆಲ್ಲಿದ್ದಾರೆ ಎಂದರೆ ಗುಂಡಿಯನ್ನು ಮೊದಲೇ ತೋಡಿಡುವುದು ನಿರ್ದಯ ಎನಿಸಬಹುದು. ಆದರೆ ಎರೆ ನೆಲ ಏಪ್ರಿಲ್‌ನಲ್ಲಿ ಕಲ್ಲು, ಆಗಸ್ಟ್‌ನಲ್ಲಿ ಅಂಟು. ನಡುರಾತ್ರಿ ಟಾರ್ಚ್ ಹಿಡಿದು ಅದರೊಡನೆ ಸೆಣಸುವುದಕ್ಕಿಂತ ಇದು ಮೇಲು. ತೋಡಿದ ಮೇಲೆ ಫರಸಿಕಲ್ಲು ಮುಚ್ಚಿಡಿ, ಮಕ್ಕಳು, ಕರು ಬೀಳಬಾರದು.

ಹಂತ 7: ಮಲಗಿಸಿ ಮುಚ್ಚುವುದು

ಕೊರಳಪಟ್ಟಿ, ಸರಪಳಿ, ಬಟ್ಟೆಯ ಅಂಗಿ, ಬ್ಯಾಂಡೇಜು ತೆಗೆಯಿರಿ. ಒಂದೇ ಪದರ ಹತ್ತಿ ಬಟ್ಟೆ, ಹಳೆಯ ಪಂಚೆಯೋ ಹತ್ತಿ ಸೀರೆಯೋ ಸಾಕು. ಅದು ಮಲಗುತ್ತಿದ್ದ ಕೌದಿಯಲ್ಲೇ ಸುತ್ತಬೇಕೆನಿಸುವುದು ಸಹಜ. ಆದರೆ ಈಗಿನ ಕೌದಿಗಳಲ್ಲಿ ಅರ್ಧಕ್ಕರ್ಧ ಪಾಲಿಯೆಸ್ಟರ್ ಸೀರೆಗಳ ಪದರವೇ, ಅದು ಕರಗುವುದಿಲ್ಲ. ಒಂದು ತುಂಡು ಕತ್ತರಿಸಿ ತಲೆಯ ಕೆಳಗಿಡಿ. ಸೆಣಬಿನ ಗೋಣಿ ಆಗುತ್ತದೆ, ಯೂರಿಯಾ ಚೀಲ ಆಗದು. ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಹೂತ ದೇಹ ವರ್ಷಗಟ್ಟಲೆ ಒಳಗೇ ಕೊಳೆಯುತ್ತದೆ.

ಇಳಿಸುವಾಗ ಬಟ್ಟೆಯ ನಾಲ್ಕು ಮೂಲೆ ಹಿಡಿದು ಇಬ್ಬರು ಇಳಿಸಿ. ಮೇಲಿನಿಂದ ಬಿಟ್ಟರೆ ಉಬ್ಬಿದ ಹೊಟ್ಟೆ ಒಡೆಯುತ್ತದೆ.

ಈಗ ಉಪ್ಪು-ಸುಣ್ಣದ ಮಾತು. ‘ಬೇಗ ಕರಗಲಿ’ ಎಂದು ಹತ್ತು ಕೆ.ಜಿ. ಉಪ್ಪು ಸುರಿಯುವುದು ಈ ಕಡೆ ಸಾಮಾನ್ಯ. ಉಪ್ಪು ಮಾಡುವುದು ಅದಕ್ಕೆ ವಿರುದ್ಧವಾದದ್ದನ್ನು. ಮೀನು, ಮಾಂಸ ಉಪ್ಪಿನಲ್ಲಿ ಕೆಡದೆ ಉಳಿಯುವಂತೆ ದೇಹವೂ ಉಳಿಯುತ್ತದೆ, ಮೇಲಾಗಿ ಅಲ್ಲಿ ಗಿಡ ಹುಟ್ಟುವುದಿಲ್ಲ. ಸುಣ್ಣವೂ ಕೊಳೆಯುವುದನ್ನು ನಿಧಾನಗೊಳಿಸುತ್ತದೆ, ಅದರ ಕೆಲಸ ವಾಸನೆ ಮತ್ತು ರೋಗಾಣು ತಡೆಯುವುದು. ಅಂಟುರೋಗದ ಸಾವಿಗೆ ಸುಣ್ಣ ಹಾಕಿ, ಸಾಮಾನ್ಯ ಸಾವಿಗೆ ಎರಡೂ ಬೇಡ. ಶಾಸ್ತ್ರಕ್ಕೆಂದು ಒಂದು ಹಿಡಿ ಉಪ್ಪು, ಅರಿಶಿನ-ಕುಂಕುಮ, ಹೂ ಹಾಕಿದರೆ ತೊಂದರೆಯೇನಿಲ್ಲ.

ಮೊದಲು ಒಂದಡಿ ಪುಡಿಮಣ್ಣು ಕೈಯಿಂದಲೇ ಹಾಕಿ, ಮಗ್ಗುಲಿನ ಸಂದುಗಳು ತುಂಬಲಿ. ತುಳಿಯಬೇಡಿ. ಅಲ್ಲಿಂದ ಮೇಲೆ ಅರ್ಧ ಅಡಿಗೊಮ್ಮೆ ತುಳಿದು ಗಟ್ಟಿ ಮಾಡಿ. ನೆಲದಿಂದ ಒಂದಡಿ ಕೆಳಗಿರುವಾಗ ಚಪ್ಪಟೆ ಕಲ್ಲುಗಳನ್ನೋ ಒಡೆದ ಫರಸಿಯನ್ನೋ ಹಾಸಿ. ಕೆದರುವ ನಾಯಿಗೆ ಅಡ್ಡಿಯಾಗುವುದು ಈ ಪದರವೇ, ಮೇಲೆ ಇಟ್ಟ ಕಲ್ಲಲ್ಲ. ಅದರ ಮೇಲೆ ಉಳಿದ ಮಣ್ಣು, ಮುಕ್ಕಾಲು ಅಡಿ ದಿಬ್ಬ. ಕೊನೆಗೆ ಬಳ್ಳಾರಿ ಜಾಲಿಯ ಮುಳ್ಳುಕೊಂಬೆ ಹರಡಿ, ಎರಡು ಭಾರದ ಕಲ್ಲು ಹೇರಿ. ಈ ಕಡೆ ಬಿಟ್ಟಿ ಸಿಗುವ ಬೇಲಿ ಅದೊಂದೇ. ಒಂದು ತಿಂಗಳು ಹಾಗೇ ಇರಲಿ.

ಮೂರನೇ ದಿನ ಹಾಲು-ತುಪ್ಪ ಬಿಡುವವರಿದ್ದಾರೆ, ಅದರ ಇಷ್ಟದ ಬಿಸ್ಕೆಟ್ಟೋ ಮೊಟ್ಟೆಯೋ ಎಡೆ ಇಡುವವರಿದ್ದಾರೆ. ಬೀದಿನಾಯಿಗಳನ್ನು ಗುಂಡಿಗೆ ಕರೆಯುವುದು ಅದೇ ವಾಸನೆ. ಎಡೆಯನ್ನು ಐವತ್ತು ಹೆಜ್ಜೆ ಆಚೆ ಇಡಿ.

ಗಿಳಿ, ಮೊಲದಂಥ ಚಿಕ್ಕ ಜೀವಗಳಿಗೆ ಒಂದೂವರೆ-ಎರಡು ಅಡಿ ಆಳ ಸಾಕು. ಹಿತ್ತಲೇ ಇಲ್ಲದ ಅಪಾರ್ಟ್‌ಮೆಂಟಿನವರು ಲವ್ ಬರ್ಡ್, ಹ್ಯಾಮ್‌ಸ್ಟರ್‌ಗಳನ್ನು ಒಂದೂವರೆ ಅಡಿ ಆಳದ ಮಣ್ಣಿನ ಕುಂಡದಲ್ಲಿ, ಮೇಲೆ ಒಂದಡಿ ಮಣ್ಣು ಬರುವಂತೆ ಹೂಳಬಹುದು. ಕುಂಡವನ್ನು ಬೆಕ್ಕಿಗೆ ಸಿಗದಂತೆ ಬಲೆ ಮುಚ್ಚಿ ಇಡಿ. ಮೀನನ್ನು ಶೌಚದ ಗುಂಡಿಗೆ ಹಾಕಿ ನೀರು ಬಿಡಬೇಡಿ, ಗಿಡದ ಬುಡಕ್ಕೆ ಒಂದು ಗೇಣು ಕೆಳಗಿಟ್ಟರೆ ಸಾಕು.

ಹಂತ 8: ಸುಡುವುದೇ ಆದರೆ

ಸ್ವಂತವಾಗಿ ಸುಡುವ ಪ್ರಯತ್ನ ಬೇಡ. ಮನುಷ್ಯರ ಚಿತೆಗೆ 400-500 ಕೆ.ಜಿ. ಕಟ್ಟಿಗೆ ಹೋಗುತ್ತದೆ. ಒಂದು ಹೊರೆ ಜಾಲಿ, ಎರಡು ಲೀಟರ್ ಪೆಟ್ರೋಲು, ಹಳೆಯ ಟೈರು ನಂಬಿ ಶುರು ಮಾಡಿದವರ ಕೈಗೆ ಉಳಿಯುವುದು ಅರ್ಧ ಬೆಂದ ದೇಹ, ಅಕ್ಕಪಕ್ಕದವರ ಜಗಳ.

ಪ್ರಾಣಿಗಳ ಚಿತಾಗಾರಗಳಿರುವ, ಈ ಕಡೆಯವರು ಹೋಗಬಹುದಾದ ದೊಡ್ಡ ಊರುಗಳೆಂದರೆ ಬೆಂಗಳೂರು ಮತ್ತು ಹೈದರಾಬಾದ್. ಬಳ್ಳಾರಿಯಿಂದ ಬೆಂಗಳೂರು 300 ಕಿ.ಮೀ. ಮೀರುತ್ತದೆ, ರಾಯಚೂರಿನವರಿಗೆ 200 ಕಿ.ಮೀ. ಚಿಲ್ಲರೆಯ ಹೈದರಾಬಾದೇ ಹತ್ತಿರ. ಗಾಡಿ ಹೊರಡಿಸುವ ಮೊದಲು ಫೋನಿನಲ್ಲಿ ಕೇಳಿ: ಇಂದು ತೆಗೆದುಕೊಳ್ಳುತ್ತೀರಾ, ಎಷ್ಟು ಗಂಟೆಯೊಳಗೆ ತಲುಪಬೇಕು, ತೂಕದ ಮೇಲೆ ದರವೇ, ಒಂಟಿಯಾಗಿ ಸುಡುತ್ತೀರಾ ಇಲ್ಲ ಹಲವನ್ನು ಸೇರಿಸಿಯೇ. ಸೇರಿಸಿ ಸುಟ್ಟರೆ ಬೂದಿ ಸಿಗುವುದಿಲ್ಲ. ಇದನ್ನು ಕೇಳದೆ ಹೋಗಿ ಬರಿಗೈಲಿ ಬಂದವರಿದ್ದಾರೆ. ಪಶುವೈದ್ಯರಿಂದ ಸಾವಿನ ಪತ್ರ ಪಡೆದು ಇಟ್ಟುಕೊಳ್ಳಿ.

ದೇಹವನ್ನು ಎರಡು ಪದರ ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ (ಇಲ್ಲಿ ಪ್ಲಾಸ್ಟಿಕ್ ಆಗಬಹುದು, ಸುಡುವ ಮೊದಲು ತೆಗೆಸಿ), ದೊಡ್ಡ ಥರ್ಮಾಕೋಲ್ ಪೆಟ್ಟಿಯಲ್ಲಿ ಐಸ್ ನಡುವೆ ಇಡಿ. 20 ಕೆ.ಜಿ. ನಾಯಿಗೆ 10 ಕೆ.ಜಿ. ಐಸ್ ಹೊರಡುವಾಗ, ನಡುದಾರಿಯಲ್ಲಿ ಮತ್ತೆ ಅಷ್ಟೇ. ರಾತ್ರಿ ಪ್ರಯಾಣವೇ ಸೂಕ್ತ.

20 ಕೆ.ಜಿ. ನಾಯಿಗೆ ಬೂದಿ ಮುಕ್ಕಾಲು ಕೆ.ಜಿ. ಆಸುಪಾಸು ಬರುತ್ತದೆ. ಅದನ್ನು ಗಿಡದ ಬುಡಕ್ಕೆ ಒಮ್ಮೆಗೇ ಸುರಿದರೆ ಕ್ಷಾರಕ್ಕೆ ಬೇರು ಸುಡುತ್ತದೆ. ಹತ್ತು ಪಾಲು ಮಣ್ಣು, ಒಂದು ಪಾಲು ಬೂದಿ ಕಲಸಿ ಹಾಕಿ.

ಹಂತ 9: ಮನೆ ತೊಳೆಯುವುದು

ಮುಪ್ಪಿನ ಸಾವಿಗೆ ಸೋಪು, ಬಿಸಿನೀರು ಸಾಕು. ಪಾರ್ವೊದಿಂದ ಮರಿ ಸತ್ತಿದ್ದರೆ ಫಿನಾಯಿಲು ಕೆಲಸಕ್ಕೆ ಬಾರದು. ಮೊದಲು ಸೋಪಿನಿಂದ ಚೆನ್ನಾಗಿ ತಿಕ್ಕಿ ತೊಳೆಯಿರಿ, ಕೊಳೆ ಉಳಿದರೆ ಕ್ಲೋರಿನ್ ಸತ್ವ ಕಳೆದುಕೊಳ್ಳುತ್ತದೆ. ಆಮೇಲೆ ಒಂದು ಲೀಟರ್ ನೀರಿಗೆ 30 ಗ್ರಾಂ ಹೊಸ ಬ್ಲೀಚಿಂಗ್ ಪುಡಿ ಕಲಸಿ, ತಿಳಿ ನೀರನ್ನು ಹರಡಿ, ಹತ್ತು ನಿಮಿಷ ಒದ್ದೆಯಾಗಿರಲು ಬಿಟ್ಟು ತೊಳೆಯಿರಿ. ಆ್ಯಸಿಡ್, ಶೌಚಾಲಯ ತೊಳೆಯುವ ದ್ರವದ ಜತೆ ಬೆರೆಸಬೇಡಿ, ಉಸಿರುಗಟ್ಟಿಸುವ ಅನಿಲ ಏಳುತ್ತದೆ. ಹಾಸಿಗೆ, ಬಟ್ಟಲು ಬೇರೆಯವರಿಗೆ ಕೊಡಬೇಡಿ. ಅಂಗಳದ ಮಣ್ಣಿನಲ್ಲಿ ಆ ವೈರಾಣು ಒಂದು ವರ್ಷದ ತನಕ ಬದುಕಬಲ್ಲದು, ಲಸಿಕೆ ಪೂರ್ತಿಯಾಗದ ಹೊಸ ಮರಿಯನ್ನು ಅಷ್ಟರೊಳಗೆ ತರಬೇಡಿ.

ಹಂತ 10: ಮೊದಲ ಮಳೆ, ಮೊದಲ ಬೇಸಿಗೆ

ಮೂರನೇ ದಿನ, ಏಳನೇ ದಿನ ಹೋಗಿ ನೋಡಿ. ಒಂದೇ ಜಾಗದಲ್ಲಿ ನೊಣ ಗುಂಪಾಗಿ ಕೂತಿದ್ದರೆ, ಉಗುರಿನ ಗೀರು ಕಂಡರೆ, ಗಾಳಿ ಬೀಸಿದ ಕಡೆ ವಾಸನೆ ಬಂದರೆ ಮಣ್ಣು ಸಾಲದಾಗಿದೆ. ಗುಂಡಿ ಬಿಚ್ಚಿ ಮತ್ತೆ ಆಳ ಮಾಡುವ ಯೋಚನೆ ಬೇಡ, ಅದು ನೋಡಲಾಗದ ಕೆಲಸ. ಮೇಲೆ ಇನ್ನೊಂದು ಅಡಿ ಮಣ್ಣು ಏರಿಸಿ, ಸುತ್ತಲೂ ಎರಡಡಿ ಅಗಲಿಸಿ, ತುಳಿದು, ಮುಳ್ಳು ಮತ್ತೆ ಹೇರಿ.

ಮೊದಲ ದೊಡ್ಡ ಮಳೆಗೆ ದಿಬ್ಬ ಕುಸಿದು ತಗ್ಗಾಗುತ್ತದೆ. ಹಾಗೇ ಬಿಟ್ಟರೆ ನೀರು ನಿಂತು ಒಳಗಿಳಿಯುತ್ತದೆ. ತೆಗೆದಿಟ್ಟಿದ್ದ ಮೇಲ್ಮಣ್ಣು ಹಾಕಿ ಸುತ್ತಲಿನ ನೆಲಕ್ಕಿಂತ ಎತ್ತರ ಮಾಡಿ. ಗಿಡ ನೆಡುವುದನ್ನು ಈ ಕುಸಿತ ನಿಂತ ಮೇಲೆ ಇಟ್ಟುಕೊಳ್ಳಿ. ದಾಸವಾಳ, ಕಣಗಿಲೆ, ಮಲ್ಲಿಗೆ ಯಾವುದೂ ಆಗುತ್ತದೆ. ಮೇಕೆ-ದನ ತಿರುಗುವ ಹೊಲವಾದರೆ ಕಣಗಿಲೆ ಬೇಡ, ಅದರ ಎಲೆ ವಿಷ.

ಎರೆಯವರಿಗೆ ಇನ್ನೊಂದು ಕೆಲಸ ಉಳಿಯುತ್ತದೆ. ಮೊದಲ ಬೇಸಿಗೆ, ಮಾರ್ಚ್ ಹೊತ್ತಿಗೆ ಬಿರುಕು ಬಿಟ್ಟಾಗ ಅದರೊಳಗೆ ಒಣ ಮರಳನ್ನೋ ಸಣ್ಣ ಗರಸನ್ನೋ ಸುರಿದು ತುಂಬಿ. ಹೆಂಟೆಮಣ್ಣು ತುಂಬಿದರೆ ಅದೂ ಬಿರಿಯುತ್ತದೆ. ಹೊಲದವರಿಗೆ ಹೇಳಿ ನಾಲ್ಕು ಮೂಲೆಗೆ ಗುರುತಿನ ಕಲ್ಲು ನೆಟ್ಟುಬಿಡಿ, ಎರಡು ವರ್ಷ ಆ ಜಾಗಕ್ಕೆ ರಂಟೆ ಹೋಗದಿರಲಿ.